ಎಂಟನೆಯವರು

ಈ ಗಂಟೆಯ ಹಗ್ಗ ನನ್ನ ಕೈಯಲ್ಲಿದ್ದು
ಏಳು ಸ್ವಾಮಿಗಳನ್ನು ಕಂಡಿದೆ.
ಮೊದಲನೆಯವರು ಬಂದವರೇ ಲೆಕ್ಕದ ಪುಸ್ತಕ ಕೇಳಿದರು.
ನಾಲ್ಕನೆಯವರು, ನಾಯಿ ಕಚ್ಚುತ್ತದೆಯೇ ಎಂದರು.
ಏಳನೆಯವರು ಏನೂ ಕೇಳಲಿಲ್ಲ,
ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಒಂಬತ್ತು ವರ್ಷ ಇದ್ದು
ಕಾಫಿ ಕೊಯ್ಲಿನ ನಡುವೆ ಮೈಸೂರಿನ ಆಸ್ಪತ್ರೆಗೆ ಹೋದವರು
ವಾಪಸು ಬರಲಿಲ್ಲ.
ಚಪ್ಪಲಿ ಇನ್ನೂ ಬಾಗಿಲಲ್ಲಿದೆ.

ಎಂಟನೆಯವರು ಬಂದದ್ದು ಜನವರಿಯಲ್ಲಿ,
ಒಂದು ತಗಡಿನ ಪೆಟ್ಟಿಗೆ, ಅರ್ಧ ಮೂಟೆ ರಾಗಿ.
ಚೌರಪ್ಪ ಅಂತ ಹೆಸರು,
ಕೊಳ್ಳೇಗಾಲದ ಆಚೆ ಒಣ ಬೆಟ್ಟದ ಬುಡದವರು.
ಕುಸಿನಿಯ ಏಲಿಕುಟ್ಟಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿ
'ಹಲ್ಲು ಬಾರದ ಮಕ್ಕಳಿಗೆ ಕುಡಿಸುವುದಲ್ವಾ ಇದು, ಫಾದರೇ?'
ಅವರು ಚಪ್ಪಲಿ ದಾಟಿ ಒಳಗೆ ಹೋದರು, ಎತ್ತಿಡಲಿಲ್ಲ.
ಅದನ್ನು ನಾನು ನೋಡಿದೆ.

ಮೊದಲ ಭಾನುವಾರ ಹನ್ನೊಂದು ಜನ, ಆ ನಾಯಿ.
ನಾನೇ ಹೇಳಿದೆ: ಸ್ವಾಮಿ, ಬಟವಾಡೆ ಶನಿವಾರ,
ಸಿದ್ದಾಪುರದ ಸಂತೆ ಭಾನುವಾರ,
ದೇವರು ಕಾಯುತ್ತಾನೆ, ಮೀನು ಕಾಯುವುದಿಲ್ಲ.
ಬಲಗಡೆ ಕೊಂಕಣಿ, ಎಡಗಡೆ ಮಲಯಾಳ,
ಬಾಗಿಲ ಹತ್ತಿರ ಚಪ್ಪಲಿ ಕಾಯುತ್ತ ತಮಿಳು;
ಕನ್ನಡ ಇಲ್ಲಿ ಯಾರ ಮನೆಯದೂ ಅಲ್ಲದ
ಎಲ್ಲರೂ ಕೂರುವ ಬೆಂಚು.
ಅದರ ತುದಿಯಲ್ಲಿ ಕುಳಿತವರ ಹಾಗೆ
ಅವರು ಪ್ರಸಂಗ ಮಾಡಿದರು. ನಾಯಿ ಮಲಗಿತು.

ಮೂರನೆಯ ವಾರ, ಮಂಗಳವಾರ ಬೆಳಗಿನ ಜಾವ,
ನನ್ನ ದಾರಿಗೆ ಅಡ್ಡ ಒಂಟಿ ಸಲಗ.
ಜಗಲಿಯಲ್ಲೇ ನಿಂತೆ, ಪೂಜೆಗೆ ಹೊತ್ತಾಯಿತು.
ಆಗ ಗಂಟೆ.
ಒಂದು.
ಉಸಿರು ಬಿಟ್ಟು, ಇನ್ನೊಂದು.
ಅಯ್ಯೋ, ಇದು ಸಾವಿನ ಗಂಟೆ!
ಆನೆಯೂ ಕಿವಿ ಬೀಸುವುದನ್ನು ನಿಲ್ಲಿಸಿತು.
ಸತ್ತವರ ವಯಸ್ಸಿನಷ್ಟು ಏಟು ನಮ್ಮಲ್ಲಿ;
ಲೈನ್ ಮನೆಗಳಲ್ಲಿ ಒಲೆ ಊದುತ್ತಿದ್ದವರು
ಊದುಗೊಳವೆ ಹಿಡಿದೇ ಎಣಿಸಿದರು.
ಮೂವತ್ತಮೂರಕ್ಕೆ ನಿಂತಿತು.

ಮೂವತ್ತಮೂರು ಯಾರು?
ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡೇ ಬಂದರು,
ಕೋಣ್ ಮೆಲೊ? ಆರಾ ಮರಿಚ್ಚೇ? ಯಾರು ಸೆತ್ತದು?
ತೋಟದ ರೈಟರ್ ಚಂಗಪ್ಪ ಹಾಜರಿ ಪುಸ್ತಕದ ಜೊತೆ,
ಯಾರ ಹೆಸರು ಹೊಡೆಯಲಿ ಎಂದು.
ಜೆಸಿಂತಾ ಬಾಯಿ ಎದೆ ಬಡಿದುಕೊಂಡು ಬರುತ್ತಿದ್ದರೆ
ಅವಳ ಹಿಂದೆಯೇ ಜೀಪಿಳಿದ ಮಗ ಎಲಿಯಾಸ,
'ನಾನಲ್ಲ ಮಾಂಯ್, ನಾನಲ್ಲ!'

ಸ್ವಾಮಿ ಹಗ್ಗ ಹಿಡಿದು ನಿಂತಿದ್ದರು,
ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ.
'ನಮ್ಮೂರಲ್ಲಿ ಬೆಳಗಿನ ಪೂಜೆಗೆ ಹೀಗೇ,
ಕ್ರಿಸ್ತರ ವಯಸ್ಸಿನಷ್ಟು...'
ಮಾತು ಮುಗಿಯಲಿಲ್ಲ. ಸವರಿಮುತ್ತು ಮೊದಲು ನಕ್ಕ,
ಅವನ ಗೂರಲು ನಗೆ ಗುಡಿಯೊಳಗೆ ಉರುಳಿತು,
ಆಮೇಲೆ ಯಾರು ಯಾವ ಭಾಷೆಯಲ್ಲಿ ನಕ್ಕರೋ.
ಏಲಿಕುಟ್ಟಿ ದೊಡ್ಡ ಪಾತ್ರೆಯಲ್ಲಿ
ಬೆಲ್ಲದ ಕರಿಕಾಫಿ ಇಟ್ಟಳು.
ಲೋಟ ಸಾಲದೆ ತೀರ್ಥದ ತಂಬಿಗೆಯೂ ಓಡಾಡಿತು,
ಅದನ್ನು ಬಿಷಪ್ಪರಿಗೆ ಯಾರೂ ಹೇಳಬಾರದು.
ನೂರಹತ್ತು ಜನ. ಒಬ್ಬೊಬ್ಬರ ಹೆಸರೂ ಕೇಳಿ
ತಪ್ಪಾಗಿ ಹೇಳಿ ತಿದ್ದಿಸಿಕೊಂಡರು.
ಚಂಗಪ್ಪ ಎಲ್ಲರಿಗೂ ಅರ್ಧ ಗಂಟೆ ತಡ ಬರೆದ,
ತನಗೂ.

ಈಗ ಭಾನುವಾರದ ಪೂಜೆ ಐದೂವರೆಗೆ,
ಮುಗಿಸಿ ಅವರೂ ಚೀಲ ಹಿಡಿದು ಸಂತೆಗೆ.
ಒಣಮೀನಿಗೆ ಚೌಕಾಸಿ ಮಾಡಲು ಬರುವುದಿಲ್ಲ,
ಆರೋಗ್ಯಮ್ಮ ಜೊತೆಗೆ ನಿಂತು ಜಗಳವಾಡುತ್ತಿದ್ದಳು.

ಹೂಮಳೆ ಬಿದ್ದ ಮರುದಿನ, ತೋಟವೆಲ್ಲ ಬಿಳಿ,
ಆರನೇ ಲೈನಿನಿಂದ ಸುದ್ದಿ ಬಂತು.
ಆರೋಗ್ಯಮ್ಮ, ನಿದ್ದೆಯಲ್ಲೇ.
ನಾನು ಹಗ್ಗ ಬಿಚ್ಚುತ್ತಿದ್ದೆ. ಬಂದು ಪಕ್ಕ ನಿಂತರು.
ಎಷ್ಟು ಎಂದರು.
ತೋಟದ ಪುಸ್ತಕದಲ್ಲಿ ಎಪ್ಪತ್ತನಾಲ್ಕು ಎಂದೆ.
ಏಳು ಸ್ವಾಮಿಗಳಿಗೆ ಕೊಡದ ಹಗ್ಗ
ಹೇಗೆ ಕೈದಾಟಿತೋ ತಿಳಿಯಲಿಲ್ಲ.
ತುಟಿ ಅಲ್ಲಾಡಿಸುತ್ತ ಎಣಿಸಿಕೊಂಡು ಹೊಡೆದರು.
ಅಂಗಳದಲ್ಲಿ ನಿಂತು ನಾನೂ ಎಣಿಸಿದೆ.

ಒಂದು ಏಟು ಜಾಸ್ತಿ.
ಹೇಳಲಿಲ್ಲ. ಇರಲಿ,
ತನ್ನ ವಯಸ್ಸು ಅವಳಿಗೂ ಗೊತ್ತಿರಲಿಲ್ಲ.