ಎಪ್ಪತ್ತೆರಡರಲ್ಲೊಂದು

ಯಾವ ಜೆಟ್ ಚಂದ?
ಇದೊಂದು ಪ್ರಶ್ನೆಗೆ ದುರ್ಗದಬೈಲಿನ ಗಡಿಯಾರದಂಗಡಿಯ ಅಟ್ಟದ ಮೇಲೆ
ಹನ್ನೊಂದು ವರ್ಷ, ರವಿವಾರ ರವಿವಾರ ಜಗಳಾಡಿದ್ದೇವೆ.

ರೇಲ್ವೆ ವರ್ಕ್‌ಶಾಪಿನಲ್ಲಿ ಡಬ್ಬಿಗೆ ಬಣ್ಣ ಬಳಿಯುವ
ಗುರುಶಾಂತ ಹೆಬಸೂರನಿಗೆ ಮಿರಾಜ್.
"ಸಾಲ್ಯಾಗ ಹಾಳಿ ಮಡಚಿ ಒಗೀತಿದ್ವೆಲ್ಲ,
ಅದ ನೋಡ್ರಿ ಇದು, ದೊಡ್ಡದಾಗಿ ಶಾಣ್ಯಾ ಆಗೇತಿ."
ಪ್ರಮೋದ ಕಠಾರೆಗೆ ನ್ಯಾಟ್, ಅಂಗೈ ಮೇಲೆ ಇಳಿಯುವಂಥದ್ದು;
ದೇವರ ಜಗಲಿಯ ಮೇಲೆ ಒಣಗಲು ಇಟ್ಟು ಹೆಂಡತಿಯಿಂದ ಬೈಸಿಕೊಂಡ.
ಸ್ಯಾಮುವೇಲ ಮಾಸ್ತರರಿಗೆ ಮಾರುತ,
ಯಾಕೆಂದರೆ ಅದರ ಕಿಟ್ ಎಲ್ಲೂ ಸಿಗುವುದಿಲ್ಲ.
ಸಾಗವಾನಿ ತುಂಡು ಕೆತ್ತಿ ಕೆತ್ತಿ
ಮೂರು ವರ್ಷಕ್ಕೆ ಮೂಗಿನವರೆಗೆ ಬಂದಿದ್ದರು.

ನನ್ನನ್ನು ಯಾರೂ ಕೇಳಲಿಲ್ಲ.
ನಾನು ಹಲ್ಲಿನ ಲ್ಯಾಬಿನಾಕಿ,
ಕೊಪ್ಪೀಕರ ರಸ್ತೆಯಲ್ಲಿ ಮಂದಿಯ ದವಡೆಗೆ ಅಚ್ಚು ಹಾಕುವಾಕಿ.
ಮೊದಲು ನನ್ನ ಚೂಪು ಹತಾರ ತರಿಸಿಕೊಂಡರು,
ಕುರ್ಚಿ ಕೊಟ್ಟದ್ದು ಆಮೇಲೆ.

ಅಂಗಡಿ ದಾವಲಸಾಬರದು.
ಕಣ್ಣಿನ ಭೂತಗನ್ನಡಿ ತೆಗೆಯದೆ ಮಾತಾಡುವ ಮನುಷ್ಯ.
ಕಟ್ಟಿದ್ದೆಲ್ಲ ಮಿಗ್ ಇಪ್ಪತ್ತೊಂದು. ಮುಗಿದರೆ ಮತ್ತೊಂದು ಮಿಗ್ ಇಪ್ಪತ್ತೊಂದು.
"ಬ್ಯಾರೇದು ಮಾಡ್ರೆಲ್ಲ" ಅಂದರೆ
"ಇದ ಇನ್ನೂ ಬರವಲ್ದು."

ಮೂಗಿನಲ್ಲಿ ಭಾರವಿಡದಿದ್ದರೆ ಈ ಪುಟ್ಟ ವಿಮಾನ
ಹಟಮಾರಿ ಕೂಸಿನಂತೆ ಹಿಂದಕ್ಕೆ ಕುಂಡಿ ಊರುತ್ತದೆ.
ನಾವು ಸೀಸದ ಗುಂಡು ತುಂಬುತ್ತಿದ್ದೆವು. ಅವರು
ರಿಪೇರಿಗೆ ಕೊಟ್ಟು ಯಾರೂ ಒಯ್ಯಲು ಬಾರದ
ಕೈಗಡಿಯಾರಗಳ ಹಿತ್ತಾಳೆ ಚಕ್ರ ತುಂಬುತ್ತಿದ್ದರು.
ಮುಂದೆ ಈಟಿಯಂತೆ ಚಾಚುವ ಕೊಳವೆಗೆ
ತಮ್ಮದೇ ಇನ್ಸುಲಿನ್ ಸೂಜಿ.
"ಸಕ್ರಿ ಜಡ್ಡಿಂದ ಇಷ್ಟರ ಉಪಯೋಗ ಆತು."
ಡೆಕಾಲು ನೆನೆಸುವುದು ಚಹದ ಬಶಿಯಲ್ಲಿ. ಒಮ್ಮೆ ಹೆಬಸೂರ
ಮಾತಿನ ಭರದಲ್ಲಿ ಮೂರು ಬಣ್ಣದ ಚಕ್ರದ ಸಮೇತ ಕುಡಿದುಬಿಟ್ಟ.
"ಮೊದಲ ರೇಲ್ವೇದಾಂವ," ಅಂದರು ದಾವಲಸಾಬರು ತಲೆ ಎತ್ತದೆ,
"ಈಗ ವಾಯುಪಡೆಗೂ ಸೇರಿದಿ."

ಉಗಾದಿಗೆ ಮುಂಚೆ ಶಟರ್ ಇಳಿಯಿತು.

ನಲವತ್ತು ದಿನ ಕಳೆದ ಮೇಲೆ ಮಗಳು ಶಮಶಾದ
ಬೂಟಿನ ಡಬ್ಬಿಯೊಂದನ್ನು ಲ್ಯಾಬಿಗೆ ತಂದು ಇಟ್ಟಳು.
"ಇದೊಂದು ಅರ್ಧಾ ಉಳದೈತಿ ಅಕ್ಕಾರ."
ರೆಕ್ಕೆ ಕೂತಿತ್ತು. ಮೂಗು ಮುಚ್ಚಿತ್ತು,
ಅಲುಗಿಸಿದರೆ ಒಳಗೆ ಗಿಲಗಿಲ.
ಉಳಿದದ್ದು ಪೈಲಟ್ಟಿನ ತಲೆಮೇಲಿನ ಗಾಜು,
ಎರಡು ದವಡೆಹಲ್ಲಿನಷ್ಟು, ನನ್ನ ಕಸುಬಿನ ಅಳತೆ.

ಅವಸರ ಮಾಡಿದೆ. ಬಿಳಿ ಅಂಟು ಬಿಟ್ಟು
ಫೆವಿಕ್ವಿಕ್ ಹಚ್ಚಿದೆ, ಗೊತ್ತಿದ್ದೂ ಗೊತ್ತಿದ್ದೂ.
ಅದರ ಹಬೆ ಗಾಜಿಗೆ ಮಂಜು ಹಿಡಿಸುತ್ತದೆಂದು
ಅವರಿಂದ ಎಷ್ಟು ಸಲ ಬೈಸಿಕೊಂಡಿಲ್ಲ ನಾನು!

ಬೆಳಗ್ಗೆ ನೋಡಿದರೆ ಹಿಡಿದಿತ್ತು.
ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ.
ದೀಪದ ಕೆಳಗೆ ವಾರೆ ಮಾಡಿದೆ:
ಗಾಜಿನ ಒಳಮೈಗೆ, ಸುಳಿ ಸುಳಿ, ಬೆಳ್ಳಗೆ
ಒಂದು ಹೆಬ್ಬೆರಳ ತುದಿ.
ಚಿಮಟಿಗೆಯಿಂದ ಎತ್ತಿ ಕೂಡಿಸಿದ್ದೆ, ಒಳಗೆ ನಾನು ಮುಟ್ಟಿಯೇ ಇಲ್ಲ.
ಗೆರೆಗಳಿಗೆ ಅಡ್ಡ ಒಂದು ಕೊಯ್ತ,
ಸ್ಪ್ರಿಂಗು ಸಿಡಿದು ಆದದ್ದು. ಆ ಕತೆ
ಚಹ ಬಂದಾಗೆಲ್ಲ ಕೇಳಿದ್ದೆ.

ಚಕ್ರ, ಏಣಿ, ಪೈಲಟ್ಟಿನ ಮೊಣಕೈ,
ಎಲ್ಲವೂ ಎಪ್ಪತ್ತೆರಡರಲ್ಲೊಂದು
ಅದೊಂದನ್ನು ಬಿಟ್ಟು.

ಧಾರವಾಡದ ಪ್ರದರ್ಶನದಲ್ಲಿ ಪರೀಕ್ಷಕರು ಬಗ್ಗಿ ನೋಡಿ
"ಗಾಜು ಮಬ್ಬಾಗೇತ್ರಿ" ಅಂತ ಎರಡು ಅಂಕ ಕಡಿದರು.
ಕಡೀಲಿ. ನಿಯಮ ಅಂದರೆ ನಿಯಮ.
ಹೆಬಸೂರ ಮಾತ್ರ ಆ ಮೇಜು ಬಿಟ್ಟು ಏಳಲಿಲ್ಲ,
ತನ್ನ ಮಿರಾಜಿಗೆ ಬೆನ್ನು ಹಾಕಿ ಕೂತಿದ್ದ.

ಸಂಜೆ ಯಾರದೋ ಹುಡುಗ ಮೂಗು ತಾಗಿಸಿ ಕೇಳಿತು:
"ಆಂಟಿ, ಒಳಗಿನವಗ ಹೊರಗ ಕಾಣಸ್ತೈತೇನ್ರಿ?"

ಕಾಣಸ್ತೈತಿ, ಅಂದೆ.
ಮೆತ್ತನೆ ಅರಿವೆ ತಗೊಂಡು
ಹೊರಮೈಯನ್ನಷ್ಟೇ ಒರೆಸಿದೆ.