ಹೊಸ್ತಿಲಿಗೆ ಅಡ್ಡ ಹಲಗೆ

ಹಾಸನದ ಚಿಪ್ಪಿನಕಟ್ಟೆ, ಮೂರನೇ ಅಡ್ಡರಸ್ತೆ,
ಜುಲೇಖಾಬಿಯ ಮನೆ.
ಬೋರ್ಡಿಲ್ಲ. ಹೊಸ್ತಿಲಿಗೆ ಅಡ್ಡ ಒಂದು ಹಲಗೆ,
ಹಲಗೆಯಾಚೆ ಒಂಬತ್ತು ಮಕ್ಕಳು.
ಹತ್ತನೆಯದು ನನ್ನದು.

ಏಳೂಮುಕ್ಕಾಲಿಗೆ ಕಾರ್ಖಾನೆಯ ಬಸ್ಸು.
ಏಳೂವರೆಗೆ ನನ್ನ ವೇಲಿನಿಂದ
ಅವಳ ಬೆರಳುಗಳನ್ನು ಒಂದೊಂದೇ ಬಿಡಿಸುತ್ತೇನೆ
ತಪ್ಪು ಹೊಲಿಗೆ ಬಿಚ್ಚುವ ಹಾಗೆ,
ಬಟ್ಟೆ ಹರಿಯದ ಹಾಗೆ.

ತಿಂಗಳಿಗೆ ಮೂರು ಸಾವಿರ, ಹಾಲು ನಮ್ಮದೇ.
ಕೈಗೆ ಬರುವುದು ಹತ್ತೂವರೆ.
ಗಂಡ ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುತ್ತಾನೆ,
ಸೀಸನ್ನು ಮುಗಿದರೆ ಬರೀ ಹೆಗಲು.
ಬಾಡಿಗೆ, ಚೀಟಿ, ಜುಲೇಖಾಬಿ:
ಮಿಷನ್ನಿನ ಮೇಲೆ ಸೀಮೆಸುಣ್ಣದಲ್ಲಿ ಕಳೆಯುತ್ತೇನೆ,
ಸೂಪರ್‌ವೈಸರ್ ಬರುವುದರೊಳಗೆ ಒರೆಸುತ್ತೇನೆ.

ಅಂಗನವಾಡಿ ಇದೆ. ಟೀಚರು ಒಳ್ಳೆಯವರು.
'ಮೂರು ತುಂಬಲಿ ತಾಯಿ' ಅಂದರು.
ತುಂಬಿದರೂ ನಾಲ್ಕಕ್ಕೆ ಬಾಗಿಲು;
ನಾಲ್ಕಕ್ಕೆ ನಾನು
ಇನ್ನೂರ ಹತ್ತನೇ ಕಾಲರಿನಲ್ಲಿರುತ್ತೇನೆ.

ಕಾರ್ಖಾನೆಯಲ್ಲೂ ಒಂದು ಕೋಣೆಯುಂಟು.
ಗೋಡೆಯ ಮೇಲೆ ಜಿರಾಫೆ, ಛತ್ರಿ ಹಿಡಿದ ಕಪ್ಪೆ.
ಎಂಟು ತೊಟ್ಟಿಲು, ಪ್ಲಾಸ್ಟಿಕ್ಕು ಬಿಚ್ಚಿಲ್ಲ.
ಬೀಗದಕೈ ಎಚ್ಚಾರ್ ಮೇಡಮ್ಮಿನ ಡ್ರಾಯರಿನಲ್ಲಿ.

ಕಳೆದ ಮಂಗಳವಾರ ಮೈಕಿನಲ್ಲಿ ಕೂಗಿದರು:
ನಾಳೆ ಬಯರುಗಳು ಬರುತ್ತಾರೆ,
ಮಕ್ಕಳಿದ್ದವರು ಮಕ್ಕಳನ್ನು ಕರೆತನ್ನಿ.
ತಲೆಗೆ ಎಣ್ಣೆ ಹಚ್ಚಿ ಕರೆತನ್ನಿ.

ಬುಧವಾರ ಬಸ್ಸಿನಲ್ಲಿ ಏನು ಗಲಾಟೆ!
ಪುಟ್ಟಲಕ್ಷ್ಮಿಯ ಮಗ ಹಾರ್ನು ಒತ್ತಿದ,
ಡ್ರೈವರು ಬೈಯಲಿಲ್ಲ.
ಭಾನುವಾರವಲ್ಲದ ದಿನ, ಬೆಳಗಿನ ಹನ್ನೊಂದಕ್ಕೆ
ಮಗಳ ಮುಖ ಹೇಗಿರುತ್ತದೆ ಅಂತ
ಅವತ್ತು ಗೊತ್ತಾಯಿತು.
ಮೂಗಿನ ಮೇಲೆ ಬೆವರು. ಥೇಟು ನನ್ನದೇ.

ಬಂದವರು ಬಗ್ಗಿ ಕೆನ್ನೆ ಮುಟ್ಟಿದರು,
ಫೋಟೋ ತೆಗೆದರು,
ಹಾಳೆಯಲ್ಲಿ ಒಂದು ಗೀಟೆಳೆದರು.
ಕಿವಿಯನ್ನು ಗೋಡೆಯಾಚೆ ಬಿಟ್ಟು ಹೊಲಿದೆ;
ಟಾರ್ಗೆಟ್ಟಿಗಿಂತ ಹದಿನಾಲ್ಕು ಪೀಸು ಜಾಸ್ತಿ.
ಅದಕ್ಕೆ ಅವರ ಹಾಳೆಯಲ್ಲಿ ಮನೆಯಿರಲಿಲ್ಲ.

ಗುರುವಾರ ಬೀಗ.

ಮಗಳಿಗೆ ಬೀಗ ಅರ್ಥವಾಗುವುದಿಲ್ಲ.
ಹಲಗೆ ಹಿಡಿದು ನಿಂತು 'ಜಿಪ್ಪೆ, ಜಿಪ್ಪೆ' ಎನ್ನುತ್ತಾಳೆ,
ಬಸ್ಸು ಹೋದ ದಿಕ್ಕಿಗೆ ಕೈ ಮಾಡುತ್ತಾಳಂತೆ.
ಅದೇನೆಂದು ನನ್ನಿಂದ ಕೇಳಿ ತಿಳಿದು
ಜುಲೇಖಾಬಿ ಇದ್ದಿಲಿನಲ್ಲಿ ಗೋಡೆಗೆ
ಉದ್ದ ಕತ್ತಿನದೊಂದು ಬರೆದಿದ್ದಾಳೆ.
ಬಾತುಕೋಳಿಯೋ ಏನೋ. ಐದು ಕಾಲು.

ಅವಳಿಗೆ ಮಂಡಿನೋವು.
ಮುಂದಿನ ತಿಂಗಳಿಂದ ಎಂಟೇ ಮಕ್ಕಳು ಅನ್ನುತ್ತಾಳೆ.
ಯಾವ ಎರಡು ಬಿಡುತ್ತೀ ಅಂತ
ಯಾರೂ ಕೇಳಿಲ್ಲ.
ಸಂಜೆ ಆರೂಕಾಲಿಗೆ, ನಿದ್ದೆಗಣ್ಣಿನ ಮಗುವನ್ನು
ತನ್ನ ಸೊಂಟದಿಂದ ನನ್ನ ಸೊಂಟಕ್ಕೆ ದಾಟಿಸಿ
'ಸಾಕು' ಅಂದಳು.

ಇನ್ನಾಗದು ಎಂದಳೋ,
ಹೋಗು, ಬೆಳೆಸು ಎಂದಳೋ.
ತಿರುಗಿ ಕೇಳೋಣವೆಂದರೆ
ಹಲಗೆ ಆಗಲೇ ಸರಿದು ಕೂತಿತ್ತು.
ಒಳಗೆ ಇನ್ನೂ ಮೂರು ಮಕ್ಕಳಿದ್ದವು.
ಅವರ ತಾಯಂದಿರಿಗೆ ಓಟಿ.