ಶುಕ್ರವಾರದ ವಗ್ಗರಣಿ

ಬಟವಾಡೆ ಶನಿವಾರ.
ಹಂಗಾಗಿ ಶುಕ್ರವಾರ ರಾತ್ರಿ
ನಮ್ಮನಿಯಾಗ ಬೆಳಗಾಗತೈತಿ.

ಕೊಟ್ರೇಶಿ ಅಂಗಡಿ ಮುಂದ ಹುಲಿಗಿ ಚೀಲ ಅಗಲಿಸಿ ನಿಂತಾಳ:
ಎರಡು ಸೇರು ಮಂಡಾಳು, ಹತ್ತು ರೂಪಾಯಿ ಪುಟಾಣಿ.
"ಎಣ್ಣಿ?" ಅಂತಾನ ಅವನು.
"ಮನಿಯಾಗ ಐತಿ" ಅಂತಾಳ.
ಐತಿ.
ಮುಚ್ಚಳ ಕೆಳಗ ಮಾಡಿ ಬಾಟಲಿ ಬೋರಲು ಇಟ್ಟೀನಿ,
ಮಧ್ಯಾಹ್ನದಿಂದ ಅದು
ತನ್ನ ಹನಿ ತಾನೇ ಕೂಡಿಸಾಕ ಹತ್ತೇತಿ.

ಅತ್ತಿ ಎರ್ರೆಮ್ಮ ಗ್ವಾಡಿಗೆ ಆನ್ಕೊಂಡು
ಜೀನ್ಸಿನ ದಾರ ಕತ್ತರಿಸ್ತಾಳ,
ಪ್ಯಾಂಟಿಗೆ ಒಂದೂವರಿ ರೂಪಾಯಿ.
ಕನ್ನಡಕ ಮೂಗಿನ ತುದಿಗೆ, ಮಾತು ನಾಲಿಗಿ ತುದಿಗೆ:
"ಹೊತ್ತು ಮುಣುಗಿದ ಮ್ಯಾಲೆ ವಗ್ಗರಣಿ ತಿನ್ನೋರನ್ನ
ನಾ ಬಸ್ ಸ್ಟ್ಯಾಂಡಿನಾಗ ನೋಡೀನಿ,
ಮನಿಯಾಗ ನೋಡಿಲ್ಲ."

ನಾನು ಮಾತಾಡಲಿಲ್ಲ.
ಮಂಡಾಳು ನೀರಿಗೆ ಬಿಟ್ಟಾಗ ಮಾತಾಡಬಾರದು.
ಮೂರು ಎಣಿಸೋದ್ರಾಗ ಎತ್ತಬೇಕು,
ನಾಕು ಅಂದ್ರ ಅಂಬಲಿ.
ಡೈಯಿಂಗ್ ಯೂನಿಟ್ಟಿನಾಗ ದಿನಾ ಹಿಂಡೋ ಕೈ ಇವು,
ಪ್ಯಾಂಟು ಹಿಂಡಿದಂಗ ಹಿಂಡಿದ್ರ ಮುಗೀತು;
ಕೂಸಿನ ತಲಿ ಒರೆಸಿದಂಗ ಹಿಂಡಬೇಕು.
ಉಗುರಿನ ಸಂದಿಯಾಗಿನ ನೀಲಿ
ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ,
ಅದರ ಮ್ಯಾಲೆ ಅರಿಶಿಣ ಕುಂತು
ಶುಕ್ರವಾರ ನನ್ನ ಉಗುರು ಹಸಿರು.
"ಬಳಿ ಅಂಗಡಿ ಆಗೇತಿ ನಿನ್ನ ಕೈ" ಅಂತಾನ ಗಾದಿಲಿಂಗ,
ಮಷೀನು ಬಿಟ್ಟು ಬಂದು, ಬೆನ್ನು ಮುರಕೋತ.

ಬಾಟಲಿ ಎತ್ತಿ ಬಗ್ಗಿಸಿದೆ. ಒಂದೂವರಿ ಚಮಚ.
ಸಾಸಿವಿಗೆ ಅಷ್ಟು ಸಾಕು,
ಅದು ಎಗರಾಕ ಜಾಗ ಕೇಳತೈತಿ, ಎಣ್ಣಿ ಕೇಳಂಗಿಲ್ಲ.
ಉಳ್ಳಾಗಡ್ಡಿ ಎರಡು. ಹಸಿ ಮೆಣಸಿನಕಾಯಿ ಏಳು,
ಅದರಾಗ ಮೂರು ಬಾಡಿದವು, ಖಾರ ಮಾತ್ರ ಬಾಡಿಲ್ಲ.
ಹುಣಸಿ ರಸ. ಶೇಂಗಾ ಹದಿನಾರು, ಎಣಿಸಿ ಹಾಕಿದೆ;
ಯಾರ ತಾಟಿಗೆ ಎಷ್ಟು ಬೀಳತಾವು
ಅದು ಸೌಟಿನ ಧರ್ಮ.
ಮ್ಯಾಲೆ ಪುಟಾಣಿ ಹಿಟ್ಟು ಉದುರಿಸಿದೆ,
ಎರಡು ಸೇರು ಬಂದು ಒಂದು ಬೋಗಾಣಿ ತುಂಬ ಕುಂತವು.

"ಮಿರ್ಚಿ?" ಅಂದ ಚಂದ್ರ.
ವಗ್ಗರಣಿ ಜೋಡಿ ಮಿರ್ಚಿ ಕೇಳೋದು
ಬಳ್ಳಾರಿಯಾಗ ಹುಟ್ಟಿದವರ ಹಕ್ಕು.
ಕರಿಯಾಕ ಎಣ್ಣಿ ಎಲ್ಲಿಂದ ತರ್ಲಿ?
ಒಂದು ದಪ್ಪ ಕಾಯಿ ಸೀಳಿ, ಉಪ್ಪು ತುಂಬಿ,
ಹಂಚಿನ ಮ್ಯಾಲೆ ಸುಟ್ಟು ಕೊಟ್ಟೆ.
ತಿರುಗಿಸಿ ತಿರುಗಿಸಿ ನೋಡಿದ:
"ಅವ್ವಾ, ಇದು ಪ್ಯಾಂಟ್ ಹಾಕ್ಕೊಂಡಿಲ್ಲ."
ಗಾದಿಲಿಂಗಗ ನಗಿ ಬಂದು ನೆತ್ತಿಗೇರಿತು,
ಅತ್ತಿ ನೀರು ಕೊಟ್ಟಳು, ತಾನೂ ನಕ್ಕಳು,
ನಕ್ಕದ್ದು ಕಾಣಬಾರದು ಅಂತ ಮತ್ತೊಂದು ಸೌಟು ಹಾಕಿಸ್ಕೊಂಡಳು.

ಕೈ ತೊಳಿಯಾಕ ಹೊರಗ ಬಂದೆ.
ಮೋಟು ಗ್ವಾಡಿ ಆಚಿಯಿಂದ ಷಮೀಮಕ್ಕ:
"ಊಟ ಆತೇನಬೇ?"

ಇಲ್ಲಿ ನನ್ನ ಬಾಯಿ ತಡೀತು.
ಮುದ್ದಿ ಉಣ್ತೀವಿ. ಅನ್ನ ಉಣ್ತೀವಿ.
ವಗ್ಗರಣಿ ತಿಂತೀವಿ.
ಉಂಡವರಿಗೆ ನಿದ್ದಿ ಬರತೈತಿ,
ತಿಂದವರಿಗೆ ಕೆಲಸ ಇರತೈತಿ.
"ಆತು ಷಮೀಮಕ್ಕಾ. ನಿಮ್ಮದು?"
"ನಮ್ಮದೂ ಆತು" ಅಂದಳು.
ಅವರ ಮನಿಯವನದೂ ಅದೇ ಯೂನಿಟ್ಟು, ಅದೇ ಶನಿವಾರ.
ಅವಳ ಕಿಡಕಿಯಿಂದ ಉಪ್ಪಿಟ್ಟಿನ ವಾಸನಿ
ಕರಿಬೇವು ಮುಡಕೊಂಡು ಹೊರಗ ಬಂತು.
ಇಬ್ಬರಿಗೂ ಮೂಗು ಐತಿ.
ಇಬ್ಬರೂ ನಳದ ನೀರಿನ ಸುದ್ದಿ ತಗದ್ವಿ,
ಬಂದು ಎಂಟು ದಿನ ಆತು ಅಂತ.

ಒಳಗ ಬಂದ್ರ ಹುಲಿಗಿ,
ನಾಕನೇ ಕ್ಲಾಸು, ಎಲ್ಲಾ ಕೇಳಿಸ್ಕೊಂಡಾಳ:
"ಅವ್ವಾ, ನಾವು ಉಂಡ್ವೋ? ತಿಂದ್ವೋ?"

ಗಾದಿಲಿಂಗ ಬೀಡಿ ಹುಡುಕಾಕ ಹತ್ತಿದ.
ತಾಟಿನ ಅಂಚಿಗೆ ಅಂಟಿದ ಪುಟಾಣಿ ಹಿಟ್ಟು
ಬಳ್ಳಿಲೆ ಬಳಿದು ನೆಕ್ಕಿ ಅತ್ತಿ ಅಂದಳು:
"ಅದು ಇರ್ಲಿ.
ರಾತ್ರಿ ನಾಷ್ಟಾ ಚಲೋ ಆತು.
ಬೆಳಿಗ್ಗಿ ಊಟಕ್ಕ ಏನು?"

ಯಾರೂ ಹೇಳಲಿಲ್ಲ.
ಅವಳು ಕತ್ತರಿ ತಗೊಂಡಳು, ಇನ್ನೂ ಇಪ್ಪತ್ತೆರಡು ಪ್ಯಾಂಟು.
ನಾನು ಬಾಟಲಿ ಮುಚ್ಚಳ ಬಿಗಿ ಮಾಡಿ
ಮತ್ತ ಬೋರಲು ಇಟ್ಟೆ.